ಮದುವೆ ನಡೆಸಿ ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆಯನ್ನು ಕೇಳದ ಕನ್ನಡಿಗರು ಇರಲಾರರು. ಇಟ್ಟಿಗೆ ಸುಣ್ಣಗಳ ಲೆಕ್ಕದಲ್ಲಿ ಬಸವಳಿದವನ ಪಾಡನ್ನೂ, ಮಗಳ ಮದುವೆಗೆ ಸಾಲಮಾಡಿ ಬಳಲಿದವನ ಪಾಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ಹಿರಿಯರ ಲೋಕಾನುಭವ ಮೆಚ್ಚತಕ್ಕದ್ದೇ. ಆದರೆ ಗಾದೆ ಅಲ್ಲಿಗೇ ನಿಂತುಬಿಡುತ್ತದೆ. ಕಟ್ಟಿದ ಮನೆಯಲ್ಲಿ ಬಾಳಿ ನೋಡು, ಮಾಡಿದ ಮದುವೆಯನ್ನು ನಡೆಸಿ ನೋಡು ಎಂದು ಅದು ಮುಂದುವರಿಯುವುದಿಲ್ಲ. ಚಪ್ಪರವನ್ನು ಬಿಚ್ಚಿದ ಮೇಲೆ, ನೆಂಟರಿಷ್ಟರು ತಂತಮ್ಮ ಊರುಗಳಿಗೆ ಹೊರಟುಹೋದ ಮೇಲೆ, ಬಾಡಿಗೆಗೆ ತಂದ ಪಾತ್ರೆಗಳನ್ನು ಎಣಿಸಿ ಹಿಂದಿರುಗಿಸಿದ ಮೇಲೆ ಉಳಿಯುವವರು ಇಬ್ಬರೇ. ನೂರಾರು ಜನರ ಹರಕೆಯೊಡನೆ ಆರಂಭವಾದ ಬಾಳನ್ನು ಆ ಇಬ್ಬರೇ ಹೊತ್ತು ಸಾಗಬೇಕು. ನಡುದಾರಿಯಲ್ಲಿ ಸೋತು ಕುಳಿತಾಗ ಅವರಿಗೆ ಹೆಗಲು ಕೊಡುವವರು ಯಾರು?

ಈ ಪ್ರಶ್ನೆ ಯಾವುದೋ ಒಂದು ಮತದವರ ಸೊತ್ತಲ್ಲ. ಆದರೂ ಕೆಥೋಲಿಕ ಕ್ರೈಸ್ತರು ಇದಕ್ಕೆ ಹುಡುಕಿಕೊಂಡ ಉತ್ತರದಲ್ಲಿ ಎಲ್ಲ ಮನೆಗಳಿಗೂ ಸಲ್ಲುವ ಒಂದು ಪಾಠವಿದೆ. ಅವರ ವ್ಯವಸ್ಥೆಯಲ್ಲಿ ಒಂದು ದೇವಾಲಯ, ಅದಕ್ಕೆ ಸೇರಿದ ಮನೆಗಳು, ಆ ಮನೆಗಳ ಯೋಗಕ್ಷೇಮಕ್ಕೆ ಹೊಣೆಗಾರನಾದ ಒಬ್ಬ ಗುರು, ಇಷ್ಟು ಕೂಡಿದರೆ ಒಂದು ಧರ್ಮಕೇಂದ್ರ. ಹುಟ್ಟಿದ ಮಗುವಿನ ಜ್ಞಾನಸ್ನಾನ, ಬೆಳೆದವರ ವಿವಾಹ, ಅಗಲಿದವರ ಉತ್ತರಕ್ರಿಯೆ ಎಲ್ಲವೂ ಅಲ್ಲಿಯ ದಫ್ತರದಲ್ಲಿ ದಾಖಲಾಗುತ್ತವೆ. ಒಂದು ಸಂಸಾರದ ಸುಖದುಃಖಗಳನ್ನು ಇಷ್ಟು ಹತ್ತಿರದಿಂದ ಕಾಣುವ ಅವಕಾಶ ಬೇರೆ ಸಂಸ್ಥೆಗಳಿಗೆ ದೊರೆಯುವುದು ಅಪೂರ್ವ.

ಮದುವೆಯ ದಿನದ ಮಟ್ಟಿಗಂತೂ ಅಲ್ಲಿ ಯಾವ ಕೊರತೆಯೂ ಕಾಣದು. ವಧೂವರರ ಹೆಸರುಗಳನ್ನು ಮೊದಲೇ ದೇವಾಲಯದಲ್ಲಿ ಓದಿ ಹೇಳುವುದು ಪುರಾತನ ಪದ್ಧತಿ. ಅಡ್ಡಿಯೇನಾದರೂ ತಿಳಿದವರು ಮುಂದೆ ಬಂದು ಹೇಳಲಿ ಎಂಬುದು ಅದರ ಉದ್ದೇಶ. ರೋಮಿನ ಲಾತರನ್ ಮಹಾಸಭೆ 1215ರಲ್ಲಿ ಇದನ್ನು ಇಡೀ ಧರ್ಮಸಭೆಗೆ ಕಟ್ಟಳೆಯಾಗಿ ಮಾಡಿತು. ಗುಟ್ಟಾಗಿ ಕೈಹಿಡಿದು ಆಮೇಲೆ ಕೈಬಿಟ್ಟುಹೋಗುವ ಗಂಡಸರಿಂದ ಎಷ್ಟೋ ಹೆಣ್ಣುಮಕ್ಕಳ ಬಾಳು ಹಾಳಾಗುತ್ತಿದ್ದುದನ್ನು ಕಂಡು, ಧರ್ಮಕೇಂದ್ರದ ಗುರುವೂ ಇಬ್ಬರು ಮೂವರು ಸಾಕ್ಷಿಗಳೂ ಇಲ್ಲದ ಮದುವೆ ಮದುವೆಯೇ ಅಲ್ಲವೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿತು. ಮೂರು ಹಬ್ಬದ ದಿನಗಳಲ್ಲಿ ಹೆಸರು ಓದಬೇಕೆಂಬ ನಿಯಮವನ್ನೂ ಆ ಸಭೆ ಬಿಗಿಗೊಳಿಸಿತು.

ಇಲ್ಲಿ ಗಮನಿಸತಕ್ಕ ಒಂದು ಸೂಕ್ಷ್ಮವಿದೆ. ಗುರು ಎದುರಿಗೆ ನಿಂತಿದ್ದರೂ, ಪಾಶ್ಚಾತ್ಯ ಕೆಥೋಲಿಕ ಸಂಪ್ರದಾಯದಂತೆ, ಮದುವೆಯ ಸಂಸ್ಕಾರವನ್ನು ನೆರವೇರಿಸುವವರು ವಧೂವರರೇ. ಅವಳು ಅವನಿಗೂ ಅವನು ಅವಳಿಗೂ ಮಾತು ಕೊಡುತ್ತಾರೆ. ಆ ಮಾತೇ ಮದುವೆ. ಗುರು ಆ ಮಾತನ್ನು ಕೇಳಿ ಸ್ವೀಕರಿಸುವ ಸಾಕ್ಷಿ. ಸಪ್ತಪದಿಯ ಏಳನೆಯ ಹೆಜ್ಜೆಯನ್ನು ದಂಪತಿಗಳೇ ಇಡಬೇಕಲ್ಲದೆ ಪುರೋಹಿತರು ಅವರ ಪರವಾಗಿ ಇಡಲು ಬರುವುದಿಲ್ಲವೆಂಬುದನ್ನು ಬಲ್ಲ ನಮ್ಮ ಮನೆಗಳಿಗೆ ಈ ವಿಚಾರ ಹೊಸದೆನಿಸಲಾರದು. ಮದುವೆ ಮಾತಿನಿಂದ ಹುಟ್ಟಿತು ಎಂದಾದರೆ ಮಾತು ನಿಂತಾಗ ಅದರ ಉಸಿರು ಕಟ್ಟುತ್ತದೆ ಎಂಬುದೂ ಅಷ್ಟೇ ನಿಜವಲ್ಲವೆ?

“ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂದು ಇನ್ನೊಂದು ಗಾದೆ ನಮ್ಮನ್ನು ಸಂತೈಸುತ್ತದೆ. ಜಗಳವಾದರೆ ಸರಿ, ಅದಕ್ಕೊಂದು ಕೊನೆಯುಂಟು. ಆದರೆ ಜಗಳವೂ ಇಲ್ಲದ ಮನೆಗಳಿವೆ. ಅಲ್ಲಿ ಮಾತು ನಡೆಯುವುದು ಹಾಲಿನವನ ಲೆಕ್ಕ, ಮಕ್ಕಳ ಶಾಲೆಯ ಶುಲ್ಕ, ಊರಿನಿಂದ ಬರುವ ಅತ್ತೆಯವರ ರೈಲಿನ ವೇಳೆ ಇವುಗಳ ಸುತ್ತ ಮಾತ್ರ. ಗಂಡ ಕಚೇರಿಯಲ್ಲಿ ಪಟ್ಟ ಅವಮಾನ ಹೆಂಡತಿಗೆ ತಿಳಿಯದು. ಹೆಂಡತಿ ಮಧ್ಯಾಹ್ನದ ಒಂಟಿತನದಲ್ಲಿ ಏನನ್ನು ನೆನೆದು ಕಣ್ಣೊರೆಸಿಕೊಂಡಳೆಂಬುದು ಗಂಡನಿಗೆ ತಿಳಿಯದು. ಒಬ್ಬರನ್ನೊಬ್ಬರು ದ್ವೇಷಿಸುತ್ತಾರೆಂದಲ್ಲ. ಹೇಳಿಕೊಳ್ಳಲು ಹೊತ್ತಿಲ್ಲ, ಹೊತ್ತು ದೊರೆತರೆ ಹೇಳಿ ಅಭ್ಯಾಸವಿಲ್ಲ. ಹೀಗೆ ಹತ್ತು ವರ್ಷ ಕಳೆದರೆ ಒಂದೇ ಸೂರಿನ ಕೆಳಗೆ ಇಬ್ಬರು ಅಪರಿಚಿತರು ಬಾಳುತ್ತಿರುತ್ತಾರೆ. ಗೆದ್ದಲು ಹಿಡಿದ ಕಂಬ ಹೊರಗೆ ನೋಡುವವರಿಗೆ ಗಟ್ಟಿಯಾಗಿಯೇ ಕಾಣುತ್ತದೆ.

ಹಿಂದೆ ಇಂತಹ ಮನೆಗಳನ್ನು ಕಣ್ಣಿಟ್ಟು ಕಾಯುವವರಿದ್ದರು. ದಕ್ಷಿಣ ಕನ್ನಡದ ಕೆಥೋಲಿಕ ಧರ್ಮಕೇಂದ್ರಗಳನ್ನು ವಾಡೆಗಳಾಗಿ ವಿಂಗಡಿಸಿ ವಾಡೆಗೊಬ್ಬ ‘ಗುರ್ಕಾರ’ನನ್ನು ನೇಮಿಸುವ ಪದ್ಧತಿಯಿತ್ತು. ನಡತೆಯಲ್ಲಿ ಒಳ್ಳೆಯವನೆನಿಸಿದ ಗೃಹಸ್ಥನಿಗೆ ಆ ಹೊಣೆ ಬರುತ್ತಿತ್ತು. ತನ್ನ ವಾಡೆಯ ಜನರ ಧಾರ್ಮಿಕ ಮತ್ತು ಸಾಮಾಜಿಕ ಜೀವನದ ಮೇಲ್ವಿಚಾರಣೆ ಅವನ ಕೆಲಸ. ಮದುವೆಯ ಮುನ್ನಾದಿನ ವಧುವಿಗೂ ವರನಿಗೂ ತೆಂಗಿನ ಹಾಲು ಪೂಸುವ ‘ರೋಸ್’ ಸಮಾರಂಭಕ್ಕೆ ಇಡೀ ನೆರೆಹೊರೆ ಕೂಡುತ್ತಿತ್ತು; ಈಗಲೂ ಕೂಡುತ್ತದೆ. ಹಾಲು ಪೂಸಿದ ಕೈಗಳೇ ಮುಂದೆ ಬಾಣಂತಿಗೆ ನೀರು ಕಾಯಿಸುತ್ತಿದ್ದುವು, ಮುನಿಸಿಕೊಂಡವರನ್ನು ಕೂಡಿಸುತ್ತಿದ್ದುವು. ಆ ಕಾವಲಿನಲ್ಲಿ ದೋಷಗಳೂ ಇದ್ದುವು. ಕಾಯುವ ಕಣ್ಣು ಎಷ್ಟೋ ವೇಳೆ ಇಣುಕುವ ಕಣ್ಣಾಗುತ್ತಿತ್ತು. ಹಿರಿಯರ ತೀರ್ಪಿನಲ್ಲಿ ಸೊಸೆಯ ಮಾತಿಗೆ ಬೆಲೆ ಕಡಿಮೆಯಿತ್ತು. ಆದರೂ ಯಾರೂ ಒಂಟಿಯಾಗಿರಲಿಲ್ಲ.

ಇಂದಿನ ನಗರಜೀವನದ ಬಗೆಯೇ ಬೇರೆ. ಬೆಂಗಳೂರಿನ ಬಹುಮಹಡಿಯ ಮನೆಯಲ್ಲಿ ನೂತನ ದಂಪತಿಗಳಿಗೆ ಪಕ್ಕದ ಬಾಗಿಲಿನವರ ಹೆಸರು ತಿಳಿಯದು. ಕರಾವಳಿಯ ಎಷ್ಟೋ ಮನೆಗಳಲ್ಲಿ ಗಂಡ ಕೊಲ್ಲಿಯ ದೇಶಗಳಲ್ಲಿ ದುಡಿಯುತ್ತಾನೆ, ಹೆಂಡತಿ ಊರಿನಲ್ಲಿ ಮಕ್ಕಳನ್ನೂ ಅತ್ತೆಮಾವಂದಿರನ್ನೂ ನೋಡಿಕೊಳ್ಳುತ್ತಾಳೆ. ರಜೆಯ ದಿನಗಳು ನೆಂಟರ ಭೇಟಿಯಲ್ಲಿ ಕರಗುತ್ತವೆ. ದೂರವಾಣಿ ದಿನವೂ ಮುಖವನ್ನು ತೋರಿಸುತ್ತದೆ, ನಿಜ. ಆದರೆ ಅತ್ತೆಮಾವಂದಿರ ಎದುರಿಗೆ ಹಿಡಿದ ದೂರವಾಣಿಯಲ್ಲಿ ಮನಸ್ಸನ್ನು ತೋರಿಸುವುದು ಹೇಗೆ?

ಧರ್ಮಸಭೆಯ ಕಾನೂನಿನಲ್ಲಿ ಇದಕ್ಕೆ ಹೊಣೆ ಹೊರಿಸದೆ ಬಿಟ್ಟಿಲ್ಲ. 1983ರಲ್ಲಿ ಪರಿಷ್ಕೃತವಾದ ಧರ್ಮಸಂಹಿತೆಯ 1063ನೆಯ ವಿಧಿಯಂತೆ, ಮದುವೆಗೆ ಮುಂಚಿನ ಸಿದ್ಧತೆಯಷ್ಟೇ ಅಲ್ಲ, ಮದುವೆಯಾದವರಿಗೆ ಮುಂದೆ ಒದಗಿಸುವ ನೆರವೂ ಗುರುಗಳ ಕರ್ತವ್ಯ. ಅದನ್ನು ನೀಡಬೇಕಾದುದು ಇಡೀ ಸಮುದಾಯ. ಆದರೆ ಕಾಗದದ ಮೇಲಿನ ವಿಧಿ ಮನೆಯ ಹೊಸ್ತಿಲನ್ನು ದಾಟುವುದು ಸುಲಭವಲ್ಲ. ಮದುವೆಗೆ ಮುಂಚೆ ಕೆಲವು ದಿನಗಳ ತರಬೇತಿ ನಡೆಯುತ್ತದೆ. ವೈದ್ಯರೂ ವಕೀಲರೂ ಗುರುಗಳೂ ಬಂದು ಉಪನ್ಯಾಸ ಮಾಡುತ್ತಾರೆ. ಅನಂತರ ದಂಪತಿಗಳು ಧರ್ಮಕೇಂದ್ರದ ಕಚೇರಿಗೆ ಮತ್ತೆ ಬರುವುದು ಮಗುವಿನ ಜ್ಞಾನಸ್ನಾನಕ್ಕೆ. ಅಂದು ಅವರನ್ನು ಕೇಳುವ ಪ್ರಶ್ನೆಗಳು ಮಗುವಿನ ಹೆಸರು, ಹುಟ್ಟಿದ ತಾರೀಖು. “ನೀವಿಬ್ಬರೂ ಹೇಗಿದ್ದೀರಿ?” ಎಂಬ ಕಲಮು ಯಾವ ದಫ್ತರದಲ್ಲಿಯೂ ಇಲ್ಲ.

ಆ ಪ್ರಶ್ನೆಯನ್ನು ಕೇಳಲು ತೊಡಗಿದವರಲ್ಲಿ ಒಬ್ಬರ ಕಥೆ ತಿಳಿಯತಕ್ಕದ್ದಾಗಿದೆ. 1939ರ ಫೆಬ್ರವರಿಯ ಮಾತು. ಸ್ಥಳ ಪ್ಯಾರಿಸ್ ನಗರ. ಹೆನ್ರಿ ಕಫರೆಲ್ ಎಂಬ ಗುರುವಿಗೆ ಆಗ 35 ವರ್ಷ. ಮದುವೆಯಾದವರು ತಮ್ಮ ದಾಂಪತ್ಯದ ಪ್ರೇಮವನ್ನು ಬಿಡದೆಯೇ ದೇವರ ಕಡೆಗೆ ನಡೆಯುವುದು ಹೇಗೆ ಎಂದು ಕೇಳಿಕೊಂಡು ತರುಣ ದಂಪತಿಗಳು ಅವರಲ್ಲಿಗೆ ಬಂದರು. ಸಂನ್ಯಾಸಿಗಳಿಗೆ ಬರೆದ ಗ್ರಂಥಗಳು ಬೇಕಾದಷ್ಟಿದ್ದುವು. ಗೃಹಸ್ಥರಿಗೆ ದಾರಿ ತೋರುವವು ವಿರಳ. ಬ್ರಹ್ಮಚಾರಿಯಾದ ಕಫರೆಲ್ ತಾನು ಬಲ್ಲೆನೆಂದು ಉಪದೇಶಕ್ಕೆ ತೊಡಗಲಿಲ್ಲ. ಎಲ್ಲರೂ ಕೂಡಿಯೇ ಹುಡುಕೋಣವೆಂದರು. ನಾಲ್ಕು ಜೋಡಿ ದಂಪತಿಗಳೊಡನೆ ಮೊದಲ ಕೂಟ ನಡೆಯಿತು. ಸೆಪ್ಟೆಂಬರಿನಲ್ಲಿ ಯುದ್ಧ ಬಂದಿತು.

ಯುದ್ಧ ಅವರ ಹುಡುಕಾಟವನ್ನು ನಿಲ್ಲಿಸಲಿಲ್ಲ, ಆಳಗೊಳಿಸಿತು. ಗಂಡಂದಿರನ್ನು ಕಳೆದುಕೊಂಡ ತರುಣಿಯರು ಕಫರೆಲ್ಲರ ಬಳಿಗೆ ಬಂದಾಗ, 1943ರಲ್ಲಿ ಅವರಿಗಾಗಿಯೂ ಒಂದು ಬಳಗವೇರ್ಪಟ್ಟಿತು. ದಂಪತಿಗಳಿಗೆ ನೆರವಾಗುವುದೆಂದರೆ ಜೋಡಿಯಲ್ಲಿ ಒಬ್ಬರು ಹೋದ ಮೇಲೆ ಉಳಿದವರನ್ನು ಮರೆಯುವುದಲ್ಲವೆಂಬುದನ್ನು ಅದು ತೋರಿಸಿತು. 1945ರಲ್ಲಿ ‘ಚಿನ್ನದ ಉಂಗುರ’ ಎಂಬರ್ಥದ ಹೆಸರಿನ ಪತ್ರಿಕೆಯೊಂದನ್ನು ಅವರು ಆರಂಭಿಸಿದರು. 1947ರ ಡಿಸೆಂಬರ್ 8ರಂದು ಈ ಕೂಟಗಳಿಗೆ ಒಂದು ನಿಯಮಾವಳಿ ಬಂದಿತು. ‘ಎಕಿಪ್ ನೋತ್ರ್ ದಾಮ್’, ಅಂದರೆ ಮಾತೆ ಮರಿಯಳ ತಂಡಗಳು, ಎಂಬ ಹೆಸರಿನಲ್ಲಿ ಅವು ನಾಡುನಾಡುಗಳಿಗೆ ಹಬ್ಬಿದುವು. 1950ರಲ್ಲಿ ಬ್ರೆಜಿಲ್ ದೇಶವನ್ನು ತಲುಪಿದುವು. ಕಫರೆಲ್ 1996ರಲ್ಲಿ ತೀರಿಕೊಂಡರು. ತಂಡಗಳು ಇಂದಿಗೂ ಅನೇಕ ದೇಶಗಳಲ್ಲಿ ನಡೆಯುತ್ತಿವೆ.

ತಂಡದ ಕ್ರಮ ಬಹು ಸರಳ. ಐದಾರು ಜೋಡಿ ದಂಪತಿಗಳು, ಜೊತೆಗೆ ಒಬ್ಬ ಗುರು. ತಿಂಗಳಿಗೊಮ್ಮೆ ಸರದಿಯಂತೆ ಒಬ್ಬರ ಮನೆಯಲ್ಲಿ ಸೇರುತ್ತಾರೆ. ಒಟ್ಟಿಗೆ ಊಟ, ಕಳೆದ ತಿಂಗಳ ಕಷ್ಟಸುಖಗಳ ವಿನಿಮಯ, ಪ್ರಾರ್ಥನೆ, ಒಂದು ವಿಷಯದ ಮೇಲೆ ಚರ್ಚೆ. ಗುರು ಅಲ್ಲಿ ಉಪನ್ಯಾಸಕನಲ್ಲ, ಜೊತೆಗಾರ. ಆದರೆ ಈ ಕೂಟಕ್ಕಿಂತ ಮುಖ್ಯವಾದುದು ಪ್ರತಿ ದಂಪತಿಯೂ ತಮ್ಮ ಮನೆಯಲ್ಲಿ ತಾವಿಬ್ಬರೇ ನಡೆಸಬೇಕಾದ ಒಂದು ವ್ರತ. ಅದಕ್ಕೆ ಅವರಿಟ್ಟ ಹೆಸರು ‘ಕುಳಿತುಕೊಳ್ಳುವ ಕರ್ತವ್ಯ’.

ಹೆಸರು ಕೇಳಿ ನಗು ಬರಬಹುದು. ಕುಳಿತುಕೊಳ್ಳುವುದೂ ಒಂದು ಕರ್ತವ್ಯವೆ? ಇದರ ಮೂಲ ಲೂಕನ ಶುಭಸಂದೇಶದ ಒಂದು ದೃಷ್ಟಾಂತದಲ್ಲಿದೆ. ಗೋಪುರ ಕಟ್ಟಬೇಕೆನ್ನುವವನು ಮೊದಲು ಕುಳಿತು, ಮುಗಿಸುವಷ್ಟು ಹಣ ತನ್ನಲ್ಲಿದೆಯೇ ಎಂದು ಲೆಕ್ಕ ಹಾಕದಿರುವನೇ ಎಂದು ಯೇಸು ಕೇಳುತ್ತಾನೆ. ಅಡಿಪಾಯ ಹಾಕಿ ಅರ್ಧಕ್ಕೇ ಬಿಟ್ಟವನನ್ನು ಕಂಡವರೆಲ್ಲ ನಗುತ್ತಾರಷ್ಟೆ. ಗೋಪುರಕ್ಕಾಗಿ ಕುಳಿತು ಯೋಚಿಸುವವರು ಸಂಸಾರಕ್ಕಾಗಿ ಏಕೆ ಕುಳಿತುಕೊಳ್ಳಬಾರದು ಎಂಬುದು ಕಫರೆಲ್ಲರ ವಾದ. ಮನೆ ಕಟ್ಟುವುದನ್ನೂ ಮದುವೆ ಮಾಡುವುದನ್ನೂ ಒಟ್ಟಿಗಿಟ್ಟ ನಮ್ಮ ಹಿರಿಯರಿಗೆ ಈ ಮಾತು ಎಷ್ಟು ಹಿಡಿಸುತ್ತಿತ್ತೋ!

ತಿಂಗಳಿಗೊಮ್ಮೆ, ಗೊತ್ತುಮಾಡಿಕೊಂಡ ದಿನ, ಮಕ್ಕಳು ಮಲಗಿದ ಮೇಲೆ ಗಂಡಹೆಂಡಿರು ಎದುರೆದುರಾಗಿ ಕುಳಿತುಕೊಳ್ಳಬೇಕು. ಮೊದಲು ಸ್ವಲ್ಪ ಹೊತ್ತು ಮೌನ ಮತ್ತು ಪ್ರಾರ್ಥನೆ. ಅನಂತರ ಮಾತು. ಹಾಲಿನ ಲೆಕ್ಕವಲ್ಲ, ನಾವಿಬ್ಬರೂ ಎಲ್ಲಿಗೆ ಬಂದು ನಿಂತಿದ್ದೇವೆ, ನನ್ನಿಂದ ನಿನಗೆ ನೋವಾದುದು ಎಲ್ಲಿ, ಮಕ್ಕಳ ವಿಷಯದಲ್ಲಿ ನಿನ್ನ ಭಯವೇನು ಎಂಬಂತಹ ಮಾತು. ಒಬ್ಬರು ಹೇಳುವಾಗ ಮತ್ತೊಬ್ಬರು ಕೇಳಬೇಕು. ಇದೇನು ಮಹಾ ಎನ್ನುವವರು ಒಂದು ಸಂಜೆ ಪ್ರಯತ್ನಿಸಿ ನೋಡಬಹುದು. ಮೊದಲ ಹತ್ತು ನಿಮಿಷಗಳಲ್ಲಿಯೇ ಒಬ್ಬರಿಗೆ ಒಲೆಯ ಮೇಲಿಟ್ಟ ಹಾಲಿನ ನೆನಪಾಗುತ್ತದೆ, ಇನ್ನೊಬ್ಬರಿಗೆ ಬೀಗ ಹಾಕಿದ್ದೇನೆಯೇ ಎಂಬ ಸಂಶಯ ಹುಟ್ಟುತ್ತದೆ. ಅದಕ್ಕಾಗಿಯೇ ಇದನ್ನು ‘ಕರ್ತವ್ಯ’ವೆಂದು ಕರೆದುದು. ಮನಸ್ಸು ಬಂದಾಗ ಮಾತನಾಡೋಣವೆಂದರೆ ಆ ದಿನ ಬರುವುದೇ ಇಲ್ಲ. ಮುಂದಿನ ಕೂಟದಲ್ಲಿ, ಕುಳಿತಿರಾ ಎಂದು ಸ್ನೇಹಿತರು ಕೇಳುವರೆಂಬ ಅರಿವೇ ಎಷ್ಟೋ ಮಂದಿಯನ್ನು ಕುಳ್ಳಿರಿಸುತ್ತದೆ. ಏನು ಮಾತನಾಡಿದಿರಿ ಎಂದು ಯಾರೂ ಕೇಳುವುದಿಲ್ಲ. ಹಳೆಯ ಗುರ್ಕಾರನ ಕಾವಲಿಗೂ ಈ ಗೆಳೆಯರ ಕಾವಲಿಗೂ ಇರುವ ಅಂತರ ಇದೇ.

ಎದುರಿಗೆ ಕುಳಿತರೂ ನಾಲಗೆ ಏಳದವರಿಗೆ ಸ್ಪೇನ್ ದೇಶದ ಗುರು ಗಾಬ್ರಿಯೆಲ್ ಕಾಲ್ವೊ ಮತ್ತೊಂದು ದಾರಿಯನ್ನು ತೋರಿಸಿದರು. ದಂಪತಿಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಅವರು 1962ರಲ್ಲಿ ಬಾರ್ಸಿಲೋನಾ ನಗರದಲ್ಲಿ 28 ಜೋಡಿ ದಂಪತಿಗಳನ್ನು ಕೂಡಿಸಿ ವಾರಾಂತ್ಯದ ಒಂದು ಶಿಬಿರ ನಡೆಸಿದರು. ‘ಮ್ಯಾರೇಜ್ ಎನ್‌ಕೌಂಟರ್’ ಎಂಬ ಹೆಸರಿನಲ್ಲಿ ಅದು 1967ರಲ್ಲಿ ಅಮೆರಿಕೆಗೆ ಹೋಗಿ, ಅಲ್ಲಿಂದ ಲೋಕದಲ್ಲೆಲ್ಲ ಹಬ್ಬಿತು, ಭಾರತಕ್ಕೂ ಬಂದಿತು. ಇಲ್ಲಿ ವೇದಿಕೆಯ ಮೇಲೆ ಪಂಡಿತರಿಲ್ಲ. ಕೆಲವು ದಂಪತಿಗಳೂ ಒಬ್ಬ ಗುರುವೂ ತಮ್ಮ ಬಾಳಿನಲ್ಲಿ ತಾವು ಎಡವಿದುದನ್ನು ಹೇಳುತ್ತಾರೆ. ಬಳಿಕ ಒಂದು ಪ್ರಶ್ನೆ ಕೊಡುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ ಕುಳಿತು, ಆ ಪ್ರಶ್ನೆಗೆ ತಮ್ಮ ಮನಸ್ಸಿನ ಉತ್ತರವನ್ನು ಪತ್ರವಾಗಿ ಬರೆಯುತ್ತಾರೆ. ಪುಸ್ತಕಗಳನ್ನು ಅದಲುಬದಲು ಮಾಡಿಕೊಂಡು ಓದುತ್ತಾರೆ. ಆಮೇಲೆ ಇಬ್ಬರೇ ಮಾತನಾಡುತ್ತಾರೆ. ಮೂರನೆಯವರ ಕಿವಿಗೆ ಏನೂ ಬೀಳುವುದಿಲ್ಲ. ಮದುವೆಗೆ ಮುಂಚೆ ಪುಟಗಟ್ಟಲೆ ಪತ್ರ ಬರೆದ ಕೈಗಳು ಮದುವೆಯಾದ ಮೇಲೆ ಸಾಮಾನಿನ ಪಟ್ಟಿಯನ್ನಷ್ಟೇ ಬರೆಯುವುದು ಲೋಕದ ರೂಢಿ. ಒಂದೇ ಮನೆಯಲ್ಲಿರುವವರಿಗೂ ಪತ್ರ ಬರೆಯಬಹುದು, ಬರೆಯಬೇಕು ಎಂಬ ಯೋಚನೆ ಎಷ್ಟು ಸರಳ, ಎಷ್ಟು ಫಲಕಾರಿ! ಕೊಲ್ಲಿಯ ದೇಶದಲ್ಲಿರುವ ಗಂಡನಿಗೂ ಊರಿನಲ್ಲಿರುವ ಹೆಂಡತಿಗೂ ಇದಕ್ಕಿಂತ ಹೊಂದುವ ಉಪಾಯವಿರಲಾರದು.

ರೋಮಿನ ಹಿರಿಯ ಪೀಠ ಈ ಗೃಹಸ್ಥರ ಪ್ರಯೋಗಗಳಿಂದ ಕಲಿಯದೆ ಇರಲಿಲ್ಲ. ಎರಡನೆಯ ಜಾನ್ ಪಾಲ್ 1981ರ ನವೆಂಬರಿನಲ್ಲಿ ಹೊರಡಿಸಿದ ಕುಟುಂಬ ಕುರಿತ ಪ್ರಬೋಧನೆಯಲ್ಲಿ, ಮದುವೆಯ ಸಿದ್ಧತೆ ಬಾಲ್ಯದ ಮನೆಯಲ್ಲಿಯೇ ತೊಡಗುತ್ತದೆಂದೂ ಮದುವೆಯ ಬಳಿಕವೂ ಆರೈಕೆ ಬೇಕೆಂದೂ ಹೇಳಿದರು. ಪೋಪ್ ಫ್ರಾನ್ಸಿಸ್ 2016ರ ‘ಅಮೋರಿಸ್ ಲೆತೀಸಿಯ’ದಲ್ಲಿ ಮೊದಲ ವರ್ಷಗಳ ನಾಜೂಕನ್ನು ವಿವರಿಸಿ, ಧರ್ಮಕೇಂದ್ರದಲ್ಲಿ ಅನುಭವಸ್ಥ ದಂಪತಿಗಳು ಎಳೆಯ ದಂಪತಿಗಳಿಗೆ ಜೊತೆಯಾಗಬೇಕೆಂದರು. ಜ್ಞಾನಸ್ನಾನಕ್ಕೂ ನೆಂಟರ ಮದುವೆಗೂ ಶವಸಂಸ್ಕಾರಕ್ಕೂ ಬಂದವರನ್ನು ಹಾಗೆಯೇ ಕಳುಹಿಸದೆ ಮಾತನಾಡಿಸಬೇಕೆಂಬ ಸಲಹೆಯೂ ಅದರಲ್ಲಿದೆ. 2022ರಲ್ಲಿ ಬಂದ ಮಾರ್ಗದರ್ಶಿ ಪುಸ್ತಿಕೆಯ ಮುನ್ನುಡಿಯಲ್ಲಿ ಅವರು ಒಂದು ಕಟುಸತ್ಯವನ್ನು ಎತ್ತಿ ತೋರಿಸಿದರು: ಗುರುವಾಗುವವನಿಗೆ ವರ್ಷಗಟ್ಟಲೆ ಶಿಕ್ಷಣ, ಜೀವಮಾನದುದ್ದದ ದಾಂಪತ್ಯಕ್ಕೆ ಕೆಲವೇ ವಾರಗಳ ಪಾಠ. ಇದು ನ್ಯಾಯವೆ?

ಇಷ್ಟನ್ನು ಹೇಳಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಅಪಚಾರವಾದೀತು. ಮಾತಿನಿಂದ ಎಲ್ಲವೂ ಸರಿಹೋಗುತ್ತದೆಂದು ನಂಬುವುದು ತಪ್ಪು. ಕೈಯೆತ್ತುವ ಗಂಡನ ಎದುರಿಗೆ ‘ಕುಳಿತು ಮಾತನಾಡು’ ಎಂದು ಹೆಂಡತಿಗೆ ಬುದ್ಧಿ ಹೇಳುವುದು ಕ್ರೌರ್ಯ. ‘ಸಹಿಸಿಕೊಂಡು ಹೋಗು ತಾಯಿ, ದೇವರು ನೋಡುತ್ತಾನೆ’ ಎಂಬ ಮಾತು ಎಲ್ಲ ಮತಗಳ ಹಿರಿಯರ ಬಾಯಲ್ಲಿಯೂ ಸುಲಭವಾಗಿ ಬರುತ್ತದೆ; ಅದನ್ನು ನಂಬಿ ಹಿಂದಿರುಗಿದ ಹೆಣ್ಣುಮಕ್ಕಳ ಬವಣೆಗೆ ಯಾರು ಹೊಣೆ? ವಿವಾಹಬಂಧ ಮುರಿಯಲಾರದೆಂಬ ಸಿದ್ಧಾಂತವನ್ನು ಬಿಡದ ಧರ್ಮಸಭೆಯೇ, ಹಿಂಸೆಯಿಂದ ದುರ್ಬಲರನ್ನೂ ಮಕ್ಕಳನ್ನೂ ಪಾರುಮಾಡಲು ಬೇರೆಯಾಗಿ ವಾಸಿಸುವುದು ಕೆಲವೊಮ್ಮೆ ಅನಿವಾರ್ಯ, ನೈತಿಕವಾಗಿ ಅವಶ್ಯಕವೂ ಆಗಬಹುದೆಂದು 2016ರ ಅದೇ ಪ್ರಬೋಧನೆಯಲ್ಲಿ ಒಪ್ಪಿದೆ. ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಬಹುಕಾಲ ಕುರುಡಾಗಿತ್ತು. ಭಾರತೀಯ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾದ ಕಾರಣ. ಆದರೆ ಹೆಂಡತಿಗೆ ಗಂಡನ ಕ್ರೌರ್ಯವೊಂದೇ ಕಾರಣವಾಗುತ್ತಿರಲಿಲ್ಲ, ವ್ಯಭಿಚಾರವನ್ನೂ ಅದರೊಡನೆ ಸಾಧಿಸಬೇಕಾಗಿತ್ತು. ಈ ತಾರತಮ್ಯ ತೊಲಗಿದುದು 2001ರ ತಿದ್ದುಪಡಿಯಿಂದ. ಆದ್ದರಿಂದ ದಂಪತಿಗಳಿಗೆ ನೆರವಾಗಲು ಹೊರಟವರು ಮೊದಲು ಕಲಿಯಬೇಕಾದ ವಿದ್ಯೆ ಮುನಿಸನ್ನೂ ಹಿಂಸೆಯನ್ನೂ ಬೇರ್ಪಡಿಸಿ ಕಾಣುವುದು. ಮುನಿಸಿಗೆ ಸ್ನೇಹಿತರ ಕೂಟ ಸಾಕು. ಹಿಂಸೆಗೆ ಬೇಕಾದುದು ಆಶ್ರಯ, ವೈದ್ಯರು, ಪೋಲೀಸರು.

ಹಾಗಾದರೆ ಒಂದು ಸಾಮಾನ್ಯ ಧರ್ಮಕೇಂದ್ರ ಮಾಡಬಹುದಾದುದೇನು? ದೊಡ್ಡ ಹಣವೂ ದೊಡ್ಡ ಕಟ್ಟಡವೂ ಬೇಡ. ವಾಡೆಯ ಕೂಟಗಳು ಮಂಗಳೂರಿನಲ್ಲಿಯೂ ಬೆಂಗಳೂರಿನಲ್ಲಿಯೂ ಈಗಾಗಲೇ ನಡೆಯುತ್ತವೆ. ಹೊಸದಾಗಿ ಮದುವೆಯಾದ ಜೋಡಿಗೆ ಅದೇ ವಾಡೆಯಲ್ಲಿ ಹದಿನೈದು ಇಪ್ಪತ್ತು ವರ್ಷ ಸಂಸಾರ ಮಾಡಿದ ಒಂದು ಜೋಡಿಯನ್ನು ಜೊತೆಮಾಡಿಕೊಡಬಹುದು. ಆ ಹಿರಿಯರು ಆದರ್ಶ ದಂಪತಿಗಳಾಗಿರಬೇಕಾದುದೇನೂ ಇಲ್ಲ. ಬಿದ್ದು ಎದ್ದವರಾಗಿದ್ದರೆ ಇನ್ನೂ ಒಳ್ಳೆಯದು. ತಿಂಗಳಿಗೊಂದು ಸಂಜೆ ಶಾಲೆಯ ಕೊಠಡಿಯಲ್ಲಿ ಮಕ್ಕಳನ್ನು ಆಡಿಸಲು ಯುವಕರೂ ಅಜ್ಜಿಯರೂ ಒಪ್ಪಿದರೆ, ತಂದೆತಾಯಿಗಳಿಗೆ ಎರಡು ಗಂಟೆಯ ಬಿಡುವು ದೊರೆಯುತ್ತದೆ. ಎಳೆಯ ಮಕ್ಕಳ ತಾಯಿಗೆ ಆ ಎರಡು ಗಂಟೆಗಳಿಗಿಂತ ಬೆಲೆಯುಳ್ಳ ಉಡುಗೊರೆ ಬೇರೊಂದಿಲ್ಲ. ವರ್ಷಕ್ಕೊಮ್ಮೆ ಮನೆಯನ್ನು ಆಶೀರ್ವದಿಸಲು ಬರುವ ಗುರುಗಳು ಕಾಫಿ ಕುಡಿದು ಏಳುವ ಮುಂಚೆ, ನೀವಿಬ್ಬರೂ ಹೇಗಿದ್ದೀರಿ ಎಂದು ಕೇಳಿ, ಉತ್ತರಕ್ಕಾಗಿ ಸ್ವಲ್ಪ ಹೊತ್ತು ಕಾದರೆ ಸಾಕು. ಬೇಸರದ ವಿಷಯವೆಂದರೆ ಆ ಸ್ವಲ್ಪ ಹೊತ್ತೇ ಎಲ್ಲರಿಗೂ ದುರ್ಲಭವಾಗಿದೆ.

ದೇವಾಲಯದ ಹೊರಗಿರುವವರಿಗೂ ಈ ಮಾತು ಸಲ್ಲುತ್ತದೆ. ಪ್ರತಿಯೊಂದು ಮನೆಯಲ್ಲಿಯೂ ಎರಡು ಕುರ್ಚಿಗಳಿವೆ. ಇಲ್ಲವಾದರೆ ಒಂದು ಚಾಪೆಯಿದೆ. ಮದುವೆಯ ದಿನ ಹಸೆಮಣೆಯ ಮೇಲೆ ಅಕ್ಕಪಕ್ಕ ಕುಳಿತವರು, ದೇವಾಲಯದಲ್ಲಿ ಜೊತೆಜೊತೆಯಾಗಿ ಮೊಣಕಾಲೂರಿದವರು, ಅಂದು ಕೊಟ್ಟ ಮಾತಿನ ಮುಂದಿನ ವಾಕ್ಯವನ್ನು ಆಡಲು ತಿಂಗಳಿಗೊಮ್ಮೆಯಾದರೂ ಎದುರೆದುರು ಕುಳಿತುಕೊಳ್ಳಲಿ. ಒಲೆಯ ಮೇಲಿನ ಹಾಲು ಉಕ್ಕಿದರೆ ಉಕ್ಕಲಿ. ಮನೆ ಕಟ್ಟಿಯಾಯಿತು, ಮದುವೆ ಮಾಡಿಯಾಯಿತು. ಇನ್ನು ನಡೆಸಿ ನೋಡುವುದಷ್ಟೇ ಉಳಿದಿದೆ.